ಅಡ್ಡಗೋಡೆ ಮೇಲಿನ ದೀಪ: ರಾಜಕೀಯದ ಮಾತಿನಲ್ಲಿ ಹೇಳದೆ ಬಿಟ್ಟದ್ದನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

‘ಅವರು ಹಾಗಂದರು. ಏನದರ ಅರ್ಥ?’ ಭಾಷೆಯ ವಿಷಯ ಬರೆಯುವ ನನಗೆ ಓದುಗರಿಂದ ಹೆಚ್ಚು ಬರುವ ಪ್ರಶ್ನೆ ಇದು. ಮೊದಲೆಲ್ಲ ಅತ್ತೆಯ ಮಾತು, ಮ್ಯಾನೇಜರ್ ಮಾತು ಹಿಡಿದು ಕೇಳುತ್ತಿದ್ದರು. ಈಗ ಬರುವುದು ಬಹುಪಾಲು ರಾಜಕೀಯದ ಮಾತು. ಲಾಲ್‌ಬಾಗಿನಲ್ಲಿ ವರ್ಷಗಟ್ಟಲೆ ಒಟ್ಟಿಗೆ ನಡೆದ ಗೆಳೆಯರು ಒಂದೇ ಒಂದು ಮಾತಿಗೆ ಮುನಿಸಿಕೊಂಡು ಬೇರೆಬೇರೆ ಗೇಟಿನಿಂದ ಬರತೊಡಗಿದ್ದಾರೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಕಸದ ಗಾಡಿಯ ಮಾತು ಮೂರನೇ ಮೆಸೇಜಿಗೆ ಪಕ್ಷದ ಮಾತಾಗಿದೆ. ‘ನಾನು ಹಾಗೆ ಹೇಳೇ ಇಲ್ಲ’ ಎಂದು ಒಬ್ಬರು, ‘ನೀವು ಹೇಳಿದ್ದು ಅದನ್ನೇ’ ಎಂದು ಇನ್ನೊಬ್ಬರು. ಎಷ್ಟೋ ಸಲ ಇಬ್ಬರೂ ಪ್ರಾಮಾಣಿಕರಾಗಿರುತ್ತಾರೆ.

ಹೀಗಾಗಿ, ಇಂಥ ಒಂದು ಮಾತನ್ನು ನಾನು ಹೇಗೆ ಬಿಡಿಸಿ ನೋಡುತ್ತೇನೆ ಎಂಬುದನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ. ಯಾವ ಪಕ್ಷ ಸರಿ ಎಂದು ಇದರಿಂದ ತಿಳಿಯುವುದಿಲ್ಲ. ಆಡಲೇಬೇಕಾದ ಜಗಳವನ್ನು ತಪ್ಪಿಸುವುದೂ ಇದರ ಉದ್ದೇಶವಲ್ಲ. ಆಡಿದ ಮಾತಿಗೆ ಬೇಕಾದರೆ ಜಗಳವಾಗಲಿ, ಆಡದ ಮಾತಿಗೆ ಬೇಡ ಎಂಬಷ್ಟೇ ನನ್ನ ಆಸೆ.

ಮೊದಲು ಏನೇನು ಬೇಕು

ಒಂದು ಹಾಳೆ, ಒಂದು ಪೆನ್ನು, ಹತ್ತು ನಿಮಿಷ ಸಮಯ. ಆ ಹತ್ತು ನಿಮಿಷದಲ್ಲಿ ಯಾವ ಮೆಸೇಜಿಗೂ ಉತ್ತರ ಕೊಡಬೇಡಿ.

ಇದರ ಜೊತೆಗೆ ಇನ್ನೊಂದನ್ನು ಒಪ್ಪಿಕೊಳ್ಳಬೇಕು: ನಿಮಗೂ ಒಂದು ರಾಜಕೀಯ ನಿಲುವು ಇದೆ. ‘ನಾನು ರಾಜಕೀಯಕ್ಕೆ ತಲೆ ಹಾಕಲ್ಲ’ ಎನ್ನುವವರಿಗೂ ಇದೆ. ಸಿದ್ಧಾಂತ ಎಂದರೆ ಪಕ್ಷದ ಪ್ರಣಾಳಿಕೆ ಎಂದುಕೊಳ್ಳಬೇಡಿ. ಯಾರಿಗೆ ಏನು ಸಲ್ಲಬೇಕು, ಯಾರ ಮಾತನ್ನು ನಂಬಬಹುದು, ಯಾರು ನಮ್ಮವರು ಎಂದು ನಾವು ಬೆಳೆಯುತ್ತಾ ಮನಸ್ಸಿನಲ್ಲಿ ಕಟ್ಟಿಕೊಂಡ ಎಣಿಕೆಗಳನ್ನೇ ನಾನಿಲ್ಲಿ ಸಿದ್ಧಾಂತ ಎನ್ನುತ್ತಿದ್ದೇನೆ. ಮಾತಿನ ನಡುವಿನ ಖಾಲಿ ಜಾಗವನ್ನು ನಾವು ತುಂಬುವುದು ಇದರಿಂದಲೇ.

ಮೂರು ಪದಗಳು ಮತ್ತೆ ಮತ್ತೆ ಬರುತ್ತವೆ, ಈಗಲೇ ಬಿಡಿಸಿ ಹೇಳುತ್ತೇನೆ.

ವಾಚ್ಯಾರ್ಥ: ಪದಗಳು ನೇರವಾಗಿ ಹೇಳಿದ್ದು. ‘ಮಳೆ ಬರೋ ಹಾಗಿದೆ’ ಎಂದರೆ ಮಳೆಯ ಸೂಚನೆ ಇದೆ, ಅಷ್ಟೇ.

ಸೂಚ್ಯಾರ್ಥ: ಹೇಳದೆ ತಿಳಿಸಿದ್ದು. ತಾರಸಿಯ ಮೇಲೆ ಬಟ್ಟೆ ಒಣಗುತ್ತಿರುವಾಗ ಅಮ್ಮ ‘ಮಳೆ ಬರೋ ಹಾಗಿದೆ’ ಅಂದರೆ, ಹೋಗಿ ಬಟ್ಟೆ ತೆಗೆದುಕೊಂಡು ಬಾ ಎಂದರ್ಥ. ನಮ್ಮ ಕಾವ್ಯಮೀಮಾಂಸೆ ಇದನ್ನು ಧ್ವನಿ, ವ್ಯಂಗ್ಯಾರ್ಥ ಎಂದು ಕರೆದಿದೆ. 9ನೇ ಶತಮಾನದ ಕಾಶ್ಮೀರದ ಆನಂದವರ್ಧನ ಇದನ್ನು ಕಾವ್ಯದ ಆತ್ಮವೆಂದೇ ಕರೆದ. ಆ ಶಾಸ್ತ್ರದಲ್ಲಿ ‘ವ್ಯಂಗ್ಯ’ ಎಂದರೆ ‘ಸೂಚಿತವಾದದ್ದು’ ಎಂದಷ್ಟೇ ಅರ್ಥ. ಇಂದಿನ ಆಡುಮಾತಿನಲ್ಲಿ ಅದು ಚುಚ್ಚುಮಾತು ಎಂಬ ಅರ್ಥಕ್ಕೆ ಇಳಿದಿದೆ. ಸೂಚನೆ ಎಂದರೆ ಕೊಂಕು ಎಂದೇ ಕೇಳಿಸಿಕೊಳ್ಳುವ ಅಭ್ಯಾಸ ನಮ್ಮ ಪದಕೋಶದೊಳಕ್ಕೂ ಬಂದುಬಿಟ್ಟಿದೆಯಲ್ಲ ಎಂದು ನನಗೆ ಬೇಸರವಾಗುತ್ತದೆ.

ಪೂರ್ವಕಲ್ಪನೆ: ಮಾತು ಆಡುವ ಮೊದಲೇ ‘ಇದು ಎಲ್ಲರಿಗೂ ಗೊತ್ತಿರೋದೇ’ ಎಂದು ಇಟ್ಟುಕೊಂಡದ್ದು. ಎರಡನೇ ಹಂತದಲ್ಲಿ ಇದರ ಬಗ್ಗೆ ಹೆಚ್ಚು ಹೇಳುತ್ತೇನೆ.

ಸಿದ್ಧಾಂತ ಎಲ್ಲಿ ನುಸುಳುತ್ತದೆ

‘ಸೂರ್ಯ ಮುಳುಗಿದ.’ 11ನೇ ಶತಮಾನದ ಕಾವ್ಯಮೀಮಾಂಸಕ ಮಮ್ಮಟ ಈ ಒಂದು ವಾಕ್ಯವನ್ನು ಹಿಡಿದು, ಕೇಳುವವರು ಬದಲಾದ ಹಾಗೆ ಸೂಚ್ಯಾರ್ಥ ಬದಲಾಗುವುದನ್ನು ತೋರಿಸಿದ್ದಾನೆ. ಸಂಧ್ಯಾವಂದನೆ ಮಾಡುವವನಿಗೆ ಅದರ ಸಮಯವಾಯಿತು ಎಂದು ಕೇಳಿಸುತ್ತದೆ, ದನ ಕಾಯುವವನಿಗೆ ದನ ಹೊಡೆದುಕೊಂಡು ಬಾ ಎಂದು, ಪ್ರಿಯನಿಗಾಗಿ ಕಾದವಳಿಗೆ ಅವನಿನ್ನೂ ಬರಲಿಲ್ಲ ಎಂದು. ವಾಚ್ಯಾರ್ಥ ಒಂದೇ. ಉಳಿದದ್ದನ್ನು ಕೇಳುವವನ ಬದುಕು ಸೇರಿಸುತ್ತದೆ.

ಬ್ರಿಟಿಷ್ ತತ್ವಜ್ಞಾನಿ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಇದರ ಇನ್ನೊಂದು ಮಗ್ಗುಲನ್ನು ವಿವರಿಸಿದರು. ಮಾತಾಡುವವರು ಪರಸ್ಪರ ಸಹಕರಿಸುತ್ತಿದ್ದಾರೆ, ನಿಜವನ್ನೇ ಹೇಳುತ್ತಿದ್ದಾರೆ, ಬೇಕಾದಷ್ಟನ್ನೇ ಹೇಳುತ್ತಿದ್ದಾರೆ, ವಿಷಯಕ್ಕೆ ಸಂಬಂಧಪಟ್ಟದ್ದನ್ನೇ ಹೇಳುತ್ತಿದ್ದಾರೆ ಎಂದು ನಾವು ನಂಬಿಕೊಂಡಿರುತ್ತೇವೆ. ಆ ನಂಬಿಕೆಯ ಬಲದಿಂದ ಸೂಚ್ಯಾರ್ಥವನ್ನು ಲೆಕ್ಕ ಹಾಕಿ ತೆಗೆಯುತ್ತೇವೆ ಎಂಬುದು ಅವರ ವಾದ. ರಾಜಕೀಯದ ತೊಡಕು ಇರುವುದೇ ಇಲ್ಲಿ. ಎದುರಿನವರು ‘ಆ ಕಡೆಯವರು’ ಎಂದು ತಿಳಿದ ಕ್ಷಣ ಸಹಕಾರದ ನಂಬಿಕೆ ಸಡಿಲವಾಗುತ್ತದೆ. ಲೆಕ್ಕ ಮಾತ್ರ ನಿಲ್ಲುವುದಿಲ್ಲ. ನಂಬಿಕೆ ಇದ್ದ ಜಾಗಕ್ಕೆ ಅನುಮಾನ ಬಂದಿರುವುದರಿಂದ ಉತ್ತರ ಬೇರೆ ಬರುತ್ತದೆ.

ಇದು ಒಂದು ಪಕ್ಷದವರಿಗೆ ಮಾತ್ರ ಅಂಟಿದ ರೋಗವಲ್ಲ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಒರಟು ಫುಟ್‌ಬಾಲ್ ಪಂದ್ಯ ನಡೆಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನೋವಿಜ್ಞಾನಿಗಳು ಅದೇ ಪಂದ್ಯದ ಫಿಲ್ಮನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಎಷ್ಟು ತಪ್ಪಾಟ ಕಂಡಿತು ಎಂದು ಕೇಳಿದರು. 1954ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಡಾರ್ಟ್‌ಮತ್ ಆಟಗಾರರು ಮಾಡಿದ ತಪ್ಪುಗಳು ಡಾರ್ಟ್‌ಮತ್‌ನವರಿಗೆ ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿ ಪ್ರಿನ್ಸ್‌ಟನ್‌ನವರಿಗೆ ಕಂಡಿದ್ದವು. ಕಣ್ಣೆದುರಿನ ಆಟವನ್ನೇ ಹೀಗೆ ನೋಡುವವರು ನಾವು. ಕಿವಿಗೆ ಬಿದ್ದ ಅರ್ಧ ಮಾತಿನ ಗತಿ ಏನಾಗಬೇಕು!

ಈಗ ಹಂತಗಳು. ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ. ಇದು ನನ್ನ ಮನೆಯದೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ, ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕಿತು. ಅದಾಗಿ ಕೆಲವು ತಿಂಗಳಿಗೆ ನಮ್ಮ ಭಾವ ಯಶವಂತಪುರದಿಂದ ಬನಶಂಕರಿಗೆ ಬಂದು, ಚಪ್ಪಲಿ ಬಿಡುತ್ತಲೇ, ‘ಈಗ ಬಸ್ಸಲ್ಲಿ ಕೂರೋಕೆ ಜಾಗ ಎಲ್ಲಮ್ಮ ಸಿಗುತ್ತೆ’ ಅಂದರು. ಅವರ ಒಲವು ಯಾವ ಪಕ್ಷದ ಕಡೆ ಎಂದು ನನಗೆ ಗೊತ್ತು. ‘ಹೆಂಗಸರು ಓಡಾಡಿದ್ರೆ ನಿಮಗೇನು ಕಷ್ಟ ಭಾವ?’ ಎಂದುಬಿಟ್ಟೆ. ಅವರು ಮಾತು ನಿಲ್ಲಿಸಿದರು. ಕಾಫಿ ಆರಿಹೋಯಿತು.

ಹಂತ 1: ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ

ಹಾಳೆಯ ಮೇಲೆ ಅವರ ಪದಗಳನ್ನೇ ಬರೆಯಿರಿ. ‘ಈಗ ಬಸ್ಸಲ್ಲಿ ಕೂರೋಕೆ ಜಾಗ ಎಲ್ಲಮ್ಮ ಸಿಗುತ್ತೆ.’ ಇಷ್ಟೇ ಬರೆಯಬೇಕು. ‘ಭಾವ ಫ್ರೀ ಬಸ್ ಬೇಡ ಅಂದ್ರು’ ಎಂದು ಬರೆದರೆ ಅದು ಆಗಲೇ ನಿಮ್ಮ ಮಾತು.

ಎಚ್ಚರಿಕೆ: ಕನ್ನಡದಲ್ಲಿ ‘ಅಂತ ಅಂದ್ರು’ ಸೇರಿಸಿ ಯಾರ ಮಾತನ್ನು ಬೇಕಾದರೂ ಹೇಗೆ ಬೇಕಾದರೂ ವರದಿ ಮಾಡಬಹುದು. ಆ ‘ಅಂತ’ದ ಹಿಂದೆ ಇರುವುದು ಅವರ ಪದವೋ ನಿಮ್ಮ ಸಾರಾಂಶವೋ ಕೇಳುವವರಿಗೆ ಗೊತ್ತಾಗುವುದಿಲ್ಲ. ಎರಡನೆಯವರ ಬಾಯಿಂದ ಕೇಳಿದ ಮಾತಾದರೆ ಇಲ್ಲೇ ನಿಲ್ಲಿ, ಮೂಲ ಪದಗಳು ಸಿಗುವವರೆಗೆ ಮುಂದೆ ಹೋಗಬೇಡಿ.

ಹಂತ 2: ಪದಕ್ಕೆ ಅಂಟಿಕೊಂಡೇ ಬಂದದ್ದನ್ನು ಬೇರೆ ಮಾಡಿ

ಎಲ್ಲವನ್ನೂ ಕೇಳುಗನ ತಲೆಗೆ ಕಟ್ಟಲಾಗದು. ಕೆಲವು ಸೂಚನೆಗಳು ಪದದಲ್ಲೇ ಇರುತ್ತವೆ. ಕನ್ನಡದಲ್ಲಂತೂ ಒಂದು ಅಕ್ಷರ ಸಾಕು. ಈ ಹಂತದಲ್ಲಿ ಅವಸರ ಮಾಡಬೇಡಿ.

‘ಊ’ ನೋಡಿ. ‘ಆಟೋದವರೂ ಈಗ ಬಜೆಟ್ ಬಗ್ಗೆ ಮಾತಾಡ್ತಾರೆ.’ ಆ ದೀರ್ಘ ಇಲ್ಲದಿದ್ದರೆ ಅದು ಬರೀ ಸುದ್ದಿ. ಅದು ಸೇರಿದಾಗ, ಆಟೋದವರು ಮಾತಾಡಬೇಕಾದ ವಿಷಯ ಅದಲ್ಲ ಎಂಬ ಎಣಿಕೆಯೂ ಸೇರಿತು.

‘ಆದರೂ’, ‘ಇದ್ದರೂ’ ಇನ್ನೂ ಖಚಿತ. ‘ಸ್ಲಮ್ಮಲ್ಲಿ ಬೆಳೆದಿದ್ರೂ ಹುಡುಗ ಶಿಸ್ತಿನವನು.’ ಹೇಳಿದವರು ಹೊಗಳುತ್ತಿದ್ದಾರೆ, ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲದಿರಬಹುದು. ಆದರೆ ಸ್ಲಮ್ಮಿನ ಮಕ್ಕಳಿಗೆ ಶಿಸ್ತಿರುವುದಿಲ್ಲ ಎಂಬ ಪೂರ್ವಕಲ್ಪನೆ ಇಲ್ಲದೆ ಆ ವಾಕ್ಯ ನಿಲ್ಲುವುದೇ ಇಲ್ಲ. ಇದನ್ನು ಕೇಳಿ ನೋವಾಯಿತು ಎಂದವರಿಗೆ ‘ನೀವು ಇಲ್ಲದ ಅರ್ಥ ಹುಡುಕ್ತೀರಿ’ ಎಂದು ಹೇಳುವಂತಿಲ್ಲ.

‘ಮತ್ತೆ’ಯೂ ಹಾಗೆಯೇ. ‘ಕನ್ನಡ ಸಂಘಟನೆಯವರು ಮತ್ತೆ ಗಲಾಟೆ ಶುರು ಮಾಡಿದ್ರು.’ ಇದನ್ನು ಅಲ್ಲಗಳೆದು ನೋಡಿ: ‘ಮತ್ತೆ ಗಲಾಟೆ ಶುರು ಮಾಡಿಲ್ಲ.’ ಹಿಂದೆ ಅವರು ಗಲಾಟೆ ಮಾಡಿದ್ದರು ಎಂಬುದು ಅಲ್ಲಾಡದೆ ಉಳಿಯಿತು. ಇದು ಪೂರ್ವಕಲ್ಪನೆಯನ್ನು ಪತ್ತೆ ಹಚ್ಚುವ ಸುಲಭ ಉಪಾಯ. ವಾಕ್ಯಕ್ಕೆ ‘ಇಲ್ಲ’ ಸೇರಿಸಿ, ಏನು ಹೋಗದೆ ಉಳಿಯುತ್ತದೋ ಅದು ಪೂರ್ವಕಲ್ಪನೆ.

‘ಅಂತೆ’ಯನ್ನು ಮಾತ್ರ ತಕ್ಕಡಿಯಲ್ಲಿಟ್ಟು ತೂಗಬೇಕು. ‘ಗುಂಡಿ ಮುಚ್ಚುತ್ತಾರಂತೆ.’ ಇದು ಕೇಳಿದ ಸುದ್ದಿಯನ್ನು ದಾಟಿಸುವ ಮಾತೂ ಹೌದು, ನಂಬಿಕೆ ಇಲ್ಲ ಎನ್ನುವ ಮಾತೂ ಹೌದು. ರಾಗ ಕೇಳದೆ ತೀರ್ಮಾನಿಸಬೇಡಿ.

ಪದಗಳ ಆಯ್ಕೆಯನ್ನೂ ನೋಡಿ. ಒಂದೇ ಯೋಜನೆ ಒಬ್ಬರ ಬಾಯಲ್ಲಿ ‘ಗ್ಯಾರಂಟಿ’, ಇನ್ನೊಬ್ಬರ ಬಾಯಲ್ಲಿ ‘ಬಿಟ್ಟಿ’. ಎರಡನೆಯ ಪದ ಬಳಸಿದ ಮೇಲೆ ‘ನಾನೇನೂ ಅಭಿಪ್ರಾಯ ಹೇಳಿಲ್ಲ’ ಎನ್ನುವುದು ಕಷ್ಟ. ‘ನಿಮ್ಮವರು’ ಎಂಬ ಪದಕ್ಕೆ ಅಡಿಗೆರೆ ಹಾಕಿ. ನೆನ್ನೆಯವರೆಗೆ ‘ನಾವು’ ಎನ್ನುತ್ತಿದ್ದ ನೆರೆಯವರು ‘ನಿಮ್ಮವರ ಹಬ್ಬ ಯಾವಾಗ?’ ಎಂದು ಕೇಳಿದರೆ, ಪ್ರಶ್ನೆಯಲ್ಲಿ ತಪ್ಪಿಲ್ಲದಿದ್ದರೂ ನಡುವೆ ಒಂದು ಗೆರೆ ಬಿದ್ದಿದೆ.

ಭಾವನ ವಾಕ್ಯದಲ್ಲಿ ಇಂಥದ್ದೇನಿದೆ? ‘ಈಗ’ ಇದೆ. ಮೊದಲು ಜಾಗ ಸಿಗುತ್ತಿತ್ತು ಎಂದು ಅದು ಹೇಳುತ್ತದೆ. ‘ಎಲ್ಲಿ ಸಿಗುತ್ತೆ’ ಪ್ರಶ್ನೆಯ ರೂಪದಲ್ಲಿದ್ದರೂ ‘ಸಿಗಲ್ಲ’ ಎಂದೇ ಅರ್ಥ. ಹೆಂಗಸರು, ಉಚಿತ, ಸರ್ಕಾರ, ಯಾವುದೂ ಅದರಲ್ಲಿಲ್ಲ.

ಹಂತ 3: ಬಿಟ್ಟುಹೋದ ಕರ್ತೃವನ್ನು ಹುಡುಕಿ

ಈ ಹಂತ ನಮಗಂತೂ ಬೇಕೇಬೇಕು. ಕನ್ನಡದಲ್ಲಿ ಯಾರು ಮಾಡಿದರು ಎಂದು ಹೇಳದೆಯೇ ವಾಕ್ಯ ಮುಗಿಸಬಹುದು. ‘ಮೆಟ್ರೋ ದರ ಏರಿಸಿಬಿಟ್ರು.’ 2025ರ ಫೆಬ್ರವರಿಯಲ್ಲಿ ದರ ಏರಿದಾಗ ಊರಿಡೀ ಕೇಳಿಸಿದ ಮಾತಿದು. ಯಾರು ಏರಿಸಿದ್ದು? ರಾಜ್ಯದಲ್ಲಿ ಆಳುವ ಪಕ್ಷವನ್ನು ಒಪ್ಪದವರಿಗೆ ‘ರಾಜ್ಯ ಸರ್ಕಾರ’ ಎಂದು ಕೇಳಿಸಿತು, ಕೇಂದ್ರದಲ್ಲಿ ಆಳುವ ಪಕ್ಷವನ್ನು ಒಪ್ಪದವರಿಗೆ ‘ಕೇಂದ್ರ’ ಎಂದು. ಮೆಟ್ರೋ ನಿಗಮ ಎರಡೂ ಸರ್ಕಾರಗಳು ಅರ್ಧರ್ಧ ಪಾಲು ಹೊಂದಿರುವ ಸಂಸ್ಥೆಯಾದ್ದರಿಂದ ಎರಡೂ ಕಡೆಯವರಿಗೆ ಎಡೆ ಸಿಕ್ಕಿತು. ಮಾತಾಡಿದವರು ಪ್ರಾಯಶಃ ಯಾರನ್ನೂ ನೆನೆದಿರಲಿಲ್ಲ, ಸ್ಮಾರ್ಟ್‌ಕಾರ್ಡಿನಲ್ಲಿ ಉಳಿದ ದುಡ್ಡು ನೋಡಿ ಹೊಟ್ಟೆ ಉರಿದು ಹೇಳಿದ್ದರು.

ಆದ್ದರಿಂದ ವಾಕ್ಯದಲ್ಲಿ ಕರ್ತೃ ಇಲ್ಲದಿದ್ದರೆ ಹಾಳೆಯ ಮೇಲೆ ಖಾಲಿ ಗೆರೆ ಎಳೆಯಿರಿ. ಅಲ್ಲಿ ನಿಮಗೆ ಮೊದಲು ಹೊಳೆದ ಹೆಸರನ್ನು ಬರೆದು, ಪಕ್ಕದಲ್ಲಿ ‘ಇದು ನನ್ನದು’ ಎಂದು ಗುರುತು ಹಾಕಿ. ಬರೆದು ನೋಡಿದಾಗ ಗಾಬರಿಯಾಗುತ್ತದೆ, ಆಗಲಿ.

ಹಂತ 4: ಅಳಿಸಿ ನೋಡಿ

ಗ್ರೈಸ್ ಹೇಳಿದ ಲಕ್ಷಣಗಳಲ್ಲಿ ಬಹಳ ಉಪಯೋಗಕ್ಕೆ ಬರುವುದು ಇದು. ಸೂಚ್ಯಾರ್ಥವನ್ನು ಮಾತಾಡಿದವರೇ ವಿರೋಧಾಭಾಸವಿಲ್ಲದೆ ಅಳಿಸಿಹಾಕಬಹುದು, ವಾಚ್ಯಾರ್ಥವನ್ನು ಅಳಿಸಲಾಗದು.

‘ಈಗ ಬಸ್ಸಲ್ಲಿ ಕೂರೋಕೆ ಜಾಗ ಎಲ್ಲಿ ಸಿಗುತ್ತೆ, ಯೋಜನೆ ಒಳ್ಳೇದೇ, ಬಸ್ಸು ಜಾಸ್ತಿ ಮಾಡಬೇಕಿತ್ತು.’ ಸರಾಗವಾಗಿ ಹರಿಯಿತು. ಅಂದರೆ ‘ಯೋಜನೆ ಬೇಡ’ ಎಂಬುದನ್ನು ಭಾವ ಹೇಳಿರಲಿಲ್ಲ, ಅದು ಒಂದು ಊಹೆ.

ಈಗ ಇದನ್ನು ನೋಡಿ: ‘ಬಿಟ್ಟಿ ಬಸ್ಸಿನ ದೆಸೆಯಿಂದ ನಮಗೆ ಜಾಗ ಇಲ್ಲ, ಆದರೆ ನಾನು ಯೋಜನೆಯನ್ನು ದೂರುತ್ತಿಲ್ಲ.’ ಇದು ಕಾಲು ಎಡವುತ್ತದೆ. ‘ದೆಸೆಯಿಂದ’ ಎಂಬ ಪದದಲ್ಲೇ ದೂರು ಬಂದಾಗಿದೆ.

ಎಚ್ಚರಿಕೆ: ಅಳಿಸಬಹುದು ಎಂದಾಕ್ಷಣ ಆ ಅರ್ಥ ಅವರ ಮನಸ್ಸಿನಲ್ಲಿ ಇರಲಿಲ್ಲ ಎಂದಲ್ಲ. ಅದನ್ನು ಅವರ ತಲೆಗೆ ಕಟ್ಟಲು ಇನ್ನೂ ಸಾಕಷ್ಟು ಆಧಾರ ಇಲ್ಲ, ಅಷ್ಟೇ. ಬಹಳ ಜನ ಎಡವುವುದು ಇಲ್ಲಿ.

ಹಂತ 5: ಬಾಯಿ ಬದಲಿಸಿ

ಅದೇ ವಾಕ್ಯವನ್ನು ನಿಮ್ಮ ಕಡೆಯವರೊಬ್ಬರು ಹೇಳಿದಂತೆ ಊಹಿಸಿಕೊಳ್ಳಿ. ಯೋಜನೆಯನ್ನು ಬಾಯ್ತುಂಬ ಹೊಗಳುವ ನನ್ನ ಗೆಳತಿ ಮೆಜೆಸ್ಟಿಕ್ಕಿನಲ್ಲಿ ಶೂನ್ಯ ದರದ ಟಿಕೆಟ್ ಕೈಯಲ್ಲಿ ಹಿಡಿದು ‘ಜಾಗ ಎಲ್ಲೇ ಸಿಗುತ್ತೆ’ ಅಂದಿದ್ದರೆ, ಬಸ್ಸು ಸಾಲದು ಎಂದು ನಾನು ತಲೆಯಾಡಿಸುತ್ತಿದ್ದೆ. ಭಾವ ಅಂದದ್ದಕ್ಕೆ ರೇಗಿದೆ. ಪದ ಅದೇ, ಬದಲಾದದ್ದು ಬಾಯಿ.

ಮಾತಾಡಿದವರು ಯಾರು ಎಂಬುದನ್ನು ಪೂರ್ತಿ ಮರೆಯಿರಿ ಎಂದು ನಾನು ಹೇಳುತ್ತಿಲ್ಲ. ಹತ್ತು ಸಲ ಒಂದೇ ದಾಟಿಯಲ್ಲಿ ಮಾತಾಡಿದವರ ಹನ್ನೊಂದನೇ ಮಾತನ್ನು ಆ ಹತ್ತರ ಬೆಳಕಿನಲ್ಲಿ ನೋಡುವುದು ನ್ಯಾಯವೇ. ಆದರೆ ಆ ಹತ್ತು ಮಾತುಗಳನ್ನು ಅವರೇ ಆಡಿರಬೇಕು. ಅವರ ಪಕ್ಷದ ಯಾವನೋ ವಕ್ತಾರ ರಾತ್ರಿ ಟಿವಿಯಲ್ಲಿ ಆಡಿದ್ದನ್ನು ಇವರ ಖಾತೆಗೆ ಬರೆಯಬೇಡಿ.

ಹಂತ 6: ಮೂರು ಅರ್ಥ ಬರೆಯಿರಿ, ಒಂದರಲ್ಲಾದರೂ ರಾಜಕೀಯ ಇರಬಾರದು

ನಿಮಗೆ ಮೊದಲು ಹೊಳೆದದ್ದು ಒಂದು. ಅವರ ಕಡೆಯವರಿಗೆ ಹೊಳೆಯಬಹುದಾದದ್ದು ಒಂದು. ಮೂರನೆಯದು ಮೈ, ಮನೆ, ದುಡ್ಡು, ನಿದ್ದೆಗೆ ಸಂಬಂಧಪಟ್ಟದ್ದು. ಈ ಮೂರನೆಯದು ಸುಲಭಕ್ಕೆ ಹೊಳೆಯುವುದಿಲ್ಲ, ಕೂತು ಯೋಚಿಸಬೇಕು.

ಭಾವನಿಗೆ ಮಂಡಿ ನೋವು ಶುರುವಾಗಿತ್ತು. ಯಶವಂತಪುರದಿಂದ ಬನಶಂಕರಿಯವರೆಗೆ ಕಂಬಿ ಹಿಡಿದು ನಿಂತೇ ಬಂದಿದ್ದರು. ಅಕ್ಕ ವಾರದ ನಂತರ ಫೋನಿನಲ್ಲಿ ಹೇಳಿದಳು. ನನ್ನ ಲೆಕ್ಕದಲ್ಲಿ ಆ ಅರ್ಥ ಇರಲೇ ಇಲ್ಲ.

ಹಂತ 7: ಅದು ಸಂಕೇತದ ಮಾತೇ ಎಂದು ಪರೀಕ್ಷಿಸಿ

ಇಲ್ಲಿಯವರೆಗೆ ಮಾತಾಡುವವರ ಪರ ವಾದಿಸಿದಂತಾಯಿತು. ಈಗ ಇನ್ನೊಂದು ಬದಿ. ಕೆಲವರು ಬೇಕೆಂದೇ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ. ತಮ್ಮವರಿಗೆ ತಿಳಿಯಬೇಕು, ಬೇರೆಯವರು ಕೇಳಿದರೆ ‘ನಾನೆಲ್ಲಿ ಹಾಗಂದೆ?’ ಎನ್ನಲು ದಾರಿ ಇರಬೇಕು. ಇದನ್ನು ಸಂಕೇತದ ಮಾತು ಎನ್ನುತ್ತೇನೆ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಒಂದು ಫಲಕ ಗೊತ್ತು: ‘ಸಸ್ಯಾಹಾರಿಗಳಿಗೆ ಮಾತ್ರ.’ ವಾಚ್ಯಾರ್ಥ ಅಡುಗೆಮನೆಗೆ ಸೇರಿದ್ದು. ಕೆಲವು ಮನೆಗಳಲ್ಲಿ ನಿಜಕ್ಕೂ ಅಷ್ಟೇ, ವಾಸನೆ ಆಗದ ಅಜ್ಜಿ ಮೇಲಿನ ಮಹಡಿಯಲ್ಲಿರುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಅದು ಜಾತಿ, ಧರ್ಮ ಸೋಸುವ ಜರಡಿ. ಫಲಕ ನೋಡಿ ಯಾವುದೆಂದು ಹೇಳಲಾಗದು. ಇದಕ್ಕೆ ಒಂದೇ ಪರೀಕ್ಷೆ: ಹೇಳಿದ ಷರತ್ತನ್ನು ಪೂರೈಸಿದ ಮೇಲೆ ಬಾಗಿಲು ತೆರೆಯುತ್ತದೆಯೇ? ‘ನಾವು ಮನೇಲಿ ಮಾಂಸ ಮಾಡಲ್ಲ’ ಎಂದ ಮುಸ್ಲಿಂ ಕುಟುಂಬಕ್ಕೆ, ದಲಿತ ಕುಟುಂಬಕ್ಕೆ ಅದೇ ಮನೆ ಅದೇ ಬಾಡಿಗೆಗೆ ಸಿಕ್ಕಿದರೆ ಅದು ಅಡುಗೆಯ ಮಾತು. ಹೆಸರು ಕೇಳಿದ ಮೇಲೆ ‘ನಮ್ಮ ತಮ್ಮನೇ ಬರ್ತಾನೆ, ಮನೆ ಕೊಡಲ್ಲ’ ಎಂದರೆ ಅದು ಅಡುಗೆಯ ಮಾತಾಗಿರಲಿಲ್ಲ.

ಈ ಪರೀಕ್ಷೆ ಬೇರೆ ಕಡೆಗೂ ಒಗ್ಗುತ್ತದೆ. ‘ಹೊರಗಿನವರಿಂದ ಊರು ಕೆಟ್ಟಿತು’ ಎನ್ನುವವರನ್ನು, ಕನ್ನಡ ಕಲಿತು ಇಲ್ಲೇ ನೆಲೆಸಿದವರು ಒಳಗಿನವರಾದರೇ ಎಂದು ಕೇಳಿ. ‘ಬೋರ್ಡ್ ಬದಲಾಯಿಸಿದ್ರೆ ಭಾಷೆ ಉಳಿಯುತ್ತಾ?’ ಎನ್ನುವವರನ್ನು, ಹಾಗಾದರೆ ಕನ್ನಡ ಶಾಲೆಗೆ ಬೆಂಬಲ ಕೊಡುತ್ತೀರಾ ಎಂದು ಕೇಳಿ. ಅಂಗಡಿ, ಕಚೇರಿಗಳ ಫಲಕದಲ್ಲಿ ಶೇಕಡ 60 ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದಾಗ ಎರಡು ಬಗೆಯವರೂ ಬೋರ್ಡಿನ ಈ ಪ್ರಶ್ನೆಯನ್ನೇ ಕೇಳುತ್ತಿದ್ದರು: ಕನ್ನಡಕ್ಕೆ ಇಷ್ಟು ಸಾಲದು ಎನ್ನುವವರು ಮತ್ತು ಇಷ್ಟೂ ಬೇಡ ಎನ್ನುವವರು.

ಇಲ್ಲಿ ಎರಡು ಬಲೆಗಳಿವೆ. ಒಂದು, ಕುಂಬಳಕಾಯಿ ಕಳ್ಳನ ಗಾದೆ. ಸಂಕೇತದ ಮಾತಿಗೆ ಯಾರಾದರೂ ಎದುರು ಹೇಳಿದ ಕೂಡಲೇ ‘ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೊಂಡೆ?’ ಎನ್ನುತ್ತಾರೆ. ಈ ಮಾತು ಬಂದರೆ ಬಾಯಿ ಕಟ್ಟಿಹೋಗುತ್ತದೆ, ಏಕೆಂದರೆ ನೋವು ತೋಡಿಕೊಂಡದ್ದೇ ತಪ್ಪಿಗೆ ಸಾಕ್ಷಿಯಾಯಿತು. ಊರಿಗೆಲ್ಲ ಕೇಳುವಂತೆ ಒಂದು ಬೀದಿಯ ಹೆಸರು ಹಿಡಿದು ಬೈದು, ಆ ಬೀದಿಯವನು ತಿರುಗಿ ನೋಡಿದರೆ ಅವನು ಕಳ್ಳನಾಗುವುದಿಲ್ಲ. ಈ ಗಾದೆಯನ್ನು ಹೀಗೆ ಬಳಸುವುದು ನನಗೆ ಸಿಟ್ಟು ತರಿಸುತ್ತದೆ.

ಎರಡು, ಸಾಕ್ಷಿಯ ಹೊರೆಯನ್ನು ಕೆಳಗಿರುವವರ ಮೇಲೆ ಹೊರಿಸುವುದು. ಬಾಡಿಗೆದಾರ, ಮನೆಕೆಲಸದಾಕೆ, ಹೊಸದಾಗಿ ಸೇರಿದ ನೌಕರ, ಇವರು ಮೇಲಿನವರ ಸೂಚ್ಯಾರ್ಥವನ್ನು ದಿನವೂ ಓದಿಯೇ ಬದುಕಬೇಕು. ಆ ಓದು ತಪ್ಪಿದರೆ ಮನೆ ಹೋಗುತ್ತದೆ, ಕೆಲಸ ಹೋಗುತ್ತದೆ. ಅಂಥವರು ‘ಅವರ ಮಾತಿನಲ್ಲಿ ಏನೋ ಇತ್ತು’ ಎಂದರೆ ಈ ಹಾಳೆ ಪೆನ್ನು ಅವರ ಮುಂದೆ ಹಿಡಿದು ಪರೀಕ್ಷೆ ಮಾಡಬೇಡಿ. ಮೊದಲು ಕೇಳಿಸಿಕೊಳ್ಳಿ.

ಹಂತ 8: ಕೇಳಿ, ಆದರೆ ಹೇಗೆ ಕೇಳಬೇಕೋ ಹಾಗೆ

ಹಾಳೆಯ ಮೇಲೆ ಇನ್ನೂ ಎರಡು ಅರ್ಥ ಉಳಿದಿದ್ದರೆ ಮಾತಾಡಿದವರನ್ನೇ ಕೇಳಬೇಕು. ಎರಡು ಆಯ್ಕೆ ಕೊಡಿ, ಎರಡೂ ಮರ್ಯಾದೆಯವಾಗಿರಲಿ: ‘ಭಾವ, ಬಸ್ಸು ಸಾಲದು ಅಂತೀರಾ, ಇಲ್ಲ ಯೋಜನೆಯೇ ಸರಿಯಿಲ್ಲ ಅಂತೀರಾ?’ ಯಾವ ಉತ್ತರ ಕೊಟ್ಟರೂ ಅವರ ತಲೆ ತಗ್ಗಬಾರದು.

‘ಅಂದ್ರೆ ನೀವು ಹೇಳೋದು...’ ಎಂದು ಶುರು ಮಾಡಬೇಡಿ. ನಮ್ಮ ಕಡೆ ಆ ಮೂರು ಪದ ಕೇಳಿದರೆ ಮುಂದೆ ಬರುವುದು ಆರೋಪ ಎಂದು ಎಲ್ಲರಿಗೂ ಗೊತ್ತು. ಹತ್ತು ಜನರೆದುರು ಕೇಳಬೇಡಿ. ಹಿರಿಯರಾದರೆ ಅವರ ಮಕ್ಕಳೆದುರಿಗಂತೂ ಬೇಡವೇ ಬೇಡ.

ಬರೆದು ಕೇಳಬೇಡಿ, ಫೋನ್ ಮಾಡಿ. ಜಸ್ಟಿನ್ ಕ್ರೂಗರ್ ಮತ್ತು ನಿಕೊಲಸ್ ಎಪ್ಲಿ ಅವರ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಮಾತು ಗಂಭೀರವೋ ಕೊಂಕೋ ಎಂದು ಧ್ವನಿಯಲ್ಲಿ ಕೇಳಿದವರು ಹೆಚ್ಚುಕಡಿಮೆ ನಾಲ್ಕಕ್ಕೆ ಮೂರು ಸಲ ಸರಿಯಾಗಿ ಹಿಡಿದರು. ಇಮೇಲಿನಲ್ಲಿ ಓದಿದವರದು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. ಬರೆದವರಿಗೋ, ಓದುವವರಿಗೆ ಖಂಡಿತ ತಿಳಿಯುತ್ತದೆ ಎಂಬ ಭರವಸೆ ಇತ್ತು. ವಾಟ್ಸಾಪ್ ಗುಂಪಿನ ಕೈಮುಗಿದ ಚಿತ್ರವನ್ನೇ ತೆಗೆದುಕೊಳ್ಳಿ. ಅದು ಧನ್ಯವಾದವೋ, ನಮಸ್ಕಾರವೋ, ‘ಸಾಕು ಮಾರಾಯರೇ, ನಿಲ್ಲಿಸಿ’ಯೋ? ಮೂರಕ್ಕೂ ಬಳಸುತ್ತೇವೆ.

ಹಂತ 9: ನೀವೇ ಮಾತಾಡುವವರಾದಾಗ

ಚುಟುಕಾಗಿ ಹೇಳುತ್ತೇನೆ. ಕರ್ತೃವನ್ನು ಬಿಡಬೇಡಿ: ‘ಏರಿಸಿಬಿಟ್ರು’ ಎನ್ನುವ ಬದಲು ಯಾರು ಎಂದು ಹೇಳಿ, ಗೊತ್ತಿಲ್ಲದಿದ್ದರೆ ‘ದರ ಏರಿತು’ ಎನ್ನಿ. ನಿಮ್ಮ ಒಲವು ಎದುರಿನವರಿಗೆ ಗೊತ್ತಿದ್ದರೆ, ಅವರು ಊಹಿಸಬಹುದಾದ ಅರ್ಥವನ್ನು ನೀವೇ ಮೊದಲು ಅಳಿಸಿಬಿಡಿ. ‘ಮಂಡಿ ನೋವು ಕಣಮ್ಮ, ನಿಂತು ನಿಂತು ಸಾಕಾಯ್ತು’ ಎಂಬ ಒಂದು ಸಾಲು ನಮ್ಮ ಮನೆಯಲ್ಲಿ ಒಂದು ವಾರದ ಮೌನ ಉಳಿಸುತ್ತಿತ್ತು. ಸಂಕೇತದ ಮಾತು ನಿಮ್ಮ ನಾಲಿಗೆಯ ತುದಿಗೆ ಬಂದರೆ, ಅದನ್ನು ಬಿಡಿಸಿ ನೇರವಾಗಿ ಹೇಳಲು ಧೈರ್ಯ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಆ ಮಾತೇ ಬೇಡ.

ಕೇಳಿದರೂ ಉತ್ತರ ಬಾರದಿದ್ದರೆ?

ವಿಜಯನಗರದ ಓದುಗರೊಬ್ಬರು ಇದನ್ನೇ ಕೇಳಿದ್ದರು. ಚುನಾವಣೆಯ ಮಾತು ಬಂದಾಗ ಅವರ ತಂದೆ ‘ನಿಮ್ಮ ಕಾಲ ಬಿಡಮ್ಮ’ ಎಂದು ಎದ್ದುಹೋದರಂತೆ. ಎರಡು ದಿನ ಬಿಟ್ಟು, ಮೇಲೆ ಹೇಳಿದ ಹಾಗೇ ಮೆತ್ತಗೆ ಕೇಳಿದರೂ ಅವರು ಪೇಪರ್ ತಿರುವಿ ಹಾಕಿದರು, ಅಷ್ಟೇ. ಆಕೆಯ ಹಾಳೆಯಲ್ಲಿ ಮೂರು ಅರ್ಥ ಉಳಿದಿವೆ: ನಿನ್ನ ನಿಲುವು ನನಗೆ ಒಪ್ಪಿಗೆಯಿಲ್ಲ, ನನ್ನ ಮಾತಿಗೆ ಇಲ್ಲಿ ಬೆಲೆಯಿಲ್ಲ, ನನಗೆ ದಣಿವಾಗಿದೆ. ಅವರಿಗೆ ನಾನು ಬರೆದದ್ದು ಇಷ್ಟು: ಹಾಳೆಯನ್ನು ಮಡಿಸಿ ಇಟ್ಟುಕೊಳ್ಳಿ, ಯಾವುದನ್ನೂ ಹೊಡೆದುಹಾಕಬೇಡಿ. ಮುಂದಿನ ಸಲ ಅಪ್ಪ ಬೇರೆ ಯಾವುದೋ ವಿಷಯಕ್ಕೆ, ತರಕಾರಿ ಬೆಲೆಗೋ ಕರೆಂಟ್ ಬಿಲ್ಲಿಗೋ ಬಾಯಿ ತೆರೆದಾಗ, ಅದನ್ನು ತೆಗೆದು ಮತ್ತೆ ನೋಡಿ.